ವಂಚನೆ ಪತ್ತೆ ತಂತ್ರಾಂಶ: ನಾವು ಕೊಂಡದ್ದು, ಕೊಡದೆ ಉಳಿಸಿಕೊಂಡದ್ದು

ನಾನು ಬ್ಯಾಂಕೊಂದರ ವಂಚನೆ ತಡೆ ವಿಭಾಗದಲ್ಲಿದ್ದೇನೆ. ನಮ್ಮ ಶಾಖೆಗಳು ಹೆಚ್ಚಾಗಿ ತಾಲ್ಲೂಕು, ಹೋಬಳಿ ಕೇಂದ್ರಗಳಲ್ಲಿವೆ. ಹಿಂದಿನ ದಿನದ ವ್ಯವಹಾರಗಳನ್ನು ಮರುದಿನ ಬೆಳಿಗ್ಗೆ ಎಕ್ಸೆಲ್ ಹಾಳೆಯಲ್ಲಿ ನೋಡುವ ಪದ್ಧತಿ ಯುಪಿಐ ಕಾಲಕ್ಕೆ ಸಾಲುವುದಿಲ್ಲ. ನಾವು ನೋಡುವ ಹೊತ್ತಿಗೆ ಹಣ ನಾಲ್ಕು ಖಾತೆ ದಾಟಿರುತ್ತದೆ. ತಂತ್ರಾಂಶ ಬೇಕೆನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೊಳ್ಳುವುದೋ, ನಾವೇ ಕಟ್ಟುವುದೋ ಎಂಬುದಷ್ಟೇ ಚರ್ಚೆ.

ನನ್ನ ನಿಲುವು ಗಟ್ಟಿಯಾದದ್ದು ಒಂದು ಕಂಪನಿಯ ತಂತ್ರಾಂಶವನ್ನು ಪರೀಕ್ಷಾರ್ಥ ಓಡಿಸಿದಾಗ ಬಂದ ಒಂದು ಅಲರ್ಟ್‌ನಿಂದ. ಹಳ್ಳಿಯ ಮಹಿಳೆಯೊಬ್ಬರ ಉಳಿತಾಯ ಖಾತೆ. ಒಂದೇ ಬೆಳಿಗ್ಗೆ ಬೇರೆ ಬೇರೆ ಜನರಿಂದ ಒಂದೇ ಮೊತ್ತದ ಸಣ್ಣ ಜಮೆಗಳು, ಮಧ್ಯಾಹ್ನದೊಳಗೆ ಖಾತೆ ಖಾಲಿ. ಆ ತಂತ್ರಾಂಶ ಇದನ್ನು ಮ್ಯೂಲ್ ಖಾತೆ, ಅಂದರೆ ಕಳ್ಳಹಣ ಸಾಗಿಸಲು ಬಳಸುವ ಖಾತೆ ಎಂದು ಗುರುತಿಸಿತ್ತು. ಮ್ಯೂಲ್ ಖಾತೆಗಳು ನಿಜಕ್ಕೂ ಹೀಗೆಯೇ ಕಾಣುತ್ತವೆ. ಶಾಖೆಗೆ ಫೋನ್ ಮಾಡಿದರೆ ಗುಮಾಸ್ತರು ಖಾತೆ ತೆರೆದು ನೋಡುವ ಮೊದಲೇ ಹೇಳಿದರು: "ಅವರು ಸ್ವಸಹಾಯ ಸಂಘದ ಪ್ರತಿನಿಧಿ ಸರ್, ಅವತ್ತು ಕಂತಿನ ದಿನ." ಸದಸ್ಯೆಯರು ಮೊಬೈಲ್‌ನಿಂದ ಇವರಿಗೆ ಹಣ ಕಳುಹಿಸುತ್ತಾರೆ, ಇವರು ಸಂಘದ ಸಾಲಕ್ಕೆ ಕಟ್ಟುತ್ತಾರೆ. ತಂತ್ರಾಂಶದ ಮಾತು ನಂಬಿ ಖಾತೆ ತಡೆಹಿಡಿದರೆ ಇಡೀ ಸಂಘದ ಕಂತು ತಪ್ಪುತ್ತದೆ, ಆ ಹೆಣ್ಣುಮಗಳು ಊರಿನವರ ಮುಂದೆ ತಲೆತಗ್ಗಿಸಬೇಕಾಗುತ್ತದೆ. ಇದು ನನಗೆ ಸಣ್ಣ ವಿಷಯವಲ್ಲ.

ಹಾಗೆಂದು ಎಲ್ಲವನ್ನೂ ನಾವೇ ಕಟ್ಟಬೇಕೆಂದು ನಾನು ವಾದಿಸಲಿಲ್ಲ. ಪ್ರತಿ ವ್ಯವಹಾರವನ್ನೂ ಕಣ್ಣು ಮಿಟುಕಿಸುವುದರೊಳಗೆ ತೂಗಿ ನೋಡುವ ಎಂಜಿನ್, ಗ್ರಾಹಕರ ಫೋನ್ ಬದಲಾದದ್ದನ್ನು ಗುರುತಿಸುವ ವ್ಯವಸ್ಥೆ, ಹಗಲು ರಾತ್ರಿ ಅದನ್ನು ಕಾಯುವ ಎಂಜಿನಿಯರ್‌ಗಳು, ಇವು ನಮ್ಮ ಗಾತ್ರದ ಬ್ಯಾಂಕಿಗೆ ಎಟುಕುವುದಿಲ್ಲ. ಅವನ್ನು ಕೊಂಡೆವು.

ಇನ್ನು ಕೆಲವನ್ನು ಕಟ್ಟಲೂ ಬೇಕಿಲ್ಲ, ಕೊಳ್ಳಲೂ ಬೇಕಿಲ್ಲ. ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ತಂದ ಹಣಕಾಸು ವಂಚನೆ ಅಪಾಯ ಸೂಚಕ ಎಂಬ ವ್ಯವಸ್ಥೆ ಮೊಬೈಲ್ ಸಂಖ್ಯೆಗಳನ್ನು ಮಧ್ಯಮ, ಹೆಚ್ಚು, ಅತಿ ಹೆಚ್ಚು ಅಪಾಯದವು ಎಂದು ವಿಂಗಡಿಸಿ ಬ್ಯಾಂಕುಗಳಿಗೆ ಕೊಡುತ್ತದೆ. ಮ್ಯೂಲ್ ಖಾತೆ ಪತ್ತೆಗೆಂದೇ ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಇನ್ನೊವೇಶನ್ ಹಬ್ ಮ್ಯೂಲ್‌ಹಂಟರ್ ಎಂಬ ತಂತ್ರಾಂಶ ರೂಪಿಸಿದೆ. ಇಂಥವನ್ನು ನಿಮ್ಮ ತಂತ್ರಾಂಶಕ್ಕೆ ಜೋಡಿಸಬಹುದೇ ಎಂದು ಕಂಪನಿಯವರನ್ನು ಡೆಮೊ ದಿನವೇ ಕೇಳಬೇಕು. ಚಂದದ ಡ್ಯಾಶ್‌ಬೋರ್ಡ್ ನೋಡುತ್ತಾ ಈ ಪ್ರಶ್ನೆ ಮರೆತುಹೋಗುತ್ತದೆ.

ನಾವು ಕೈಬಿಡದೆ ಇಟ್ಟುಕೊಂಡದ್ದು ಎರಡು. ಮೊದಲನೆಯದು, ಯಾವುದನ್ನು ಅನುಮಾನಿಸಬೇಕು, ಯಾವುದನ್ನು ಬಿಡಬೇಕು ಎಂದು ತಂತ್ರಾಂಶಕ್ಕೆ ಹೇಳುವ ನಿಯಮ ಬರೆಯುವ ಅಧಿಕಾರ. ಸ್ವಸಹಾಯ ಸಂಘದ ಪ್ರತಿನಿಧಿ, ಹಾಲಿನ ಸಂಘದ ಕಾರ್ಯದರ್ಶಿ, ಗೃಹಲಕ್ಷ್ಮಿ ಹಣ ಬಂದ ದಿನವೇ ಎಲ್ಲವನ್ನೂ ತೆಗೆದುಕೊಳ್ಳುವ ಗ್ರಾಹಕಿ, ಇವರನ್ನು ಬಲ್ಲವರು ನಾವು. ನಿಯಮ ತಿದ್ದಲು ಪ್ರತಿ ಸಲ ಕಂಪನಿಗೆ ಕೋರಿಕೆ ಸಲ್ಲಿಸಿ ಕಾಯುವಂತಿದ್ದರೆ ಅಷ್ಟರಲ್ಲಿ ಕಳ್ಳರು ದಾರಿ ಬದಲಿಸಿರುತ್ತಾರೆ.

ಎರಡನೆಯದು, ತೀರ್ಪಿನ ದಾಖಲೆ. ನಾನು ಹೆಚ್ಚು ಹಟ ಹಿಡಿದದ್ದು ಇದಕ್ಕೇ. ಪ್ರತಿ ಅಲರ್ಟ್‌ಗೆ ವಂಚನೆ ಹೌದೋ ಅಲ್ಲವೋ ಎಂದು ಗುರುತು ಹಾಕಿದರೆ ಸಾಲದು, ಏಕೆ ಎಂದೂ ಒಂದು ವಾಕ್ಯ ಬರೆಯಬೇಕು. ಅದು ನಮ್ಮ ಸರ್ವರ್‌ನಲ್ಲಿಯೇ ಇರಬೇಕು. ಮುಂದೆ ವಂಚನೆ ಗುರುತಿಸುವ ಯಾವ ಕಂಪ್ಯೂಟರ್ ಮಾದರಿಗೆ (ಮಾಡೆಲ್) ಕಲಿಸುವುದಿದ್ದರೂ ಈ ದಾಖಲೆಯಿಂದಲೇ ಕಲಿಸಬೇಕು. ಐಟಿ ಸೇವೆಗಳ ಹೊರಗುತ್ತಿಗೆ ಕುರಿತ ರಿಸರ್ವ್ ಬ್ಯಾಂಕಿನ ನಿರ್ದೇಶನವೂ ಕೆಲಸವನ್ನು ಹೊರಗೆ ಕೊಟ್ಟರೂ ಹೊಣೆ ಸಂಸ್ಥೆಯದೇ ಎನ್ನುತ್ತದೆ. ಹೊಣೆ ನಮ್ಮದಾದ ಮೇಲೆ ದಾಖಲೆ ಇನ್ನೊಬ್ಬರ ಬಳಿ ಏಕಿರಬೇಕು?

ಒಪ್ಪಂದ ಮುಗಿದರೆ ಅಷ್ಟೂ ದಾಖಲೆಯನ್ನು, ನಾವು ಬರೆದ ನಿಯಮಗಳ ಸಮೇತ, ಓದಬಲ್ಲ ರೂಪದಲ್ಲಿ ಮರಳಿಸಬೇಕು ಎಂಬ ಷರತ್ತು ಹಾಕಿದೆವು. ಇದಕ್ಕೆ ಒಪ್ಪದ ಕಂಪನಿ ಎಷ್ಟೇ ಅಗ್ಗದ ಬೆಲೆ ಹೇಳಿದರೂ ಅದರೊಂದಿಗೆ ಮಾತುಕತೆ ಮುಂದುವರಿಸಲಿಲ್ಲ.