ಸಿಂಗಲ್ ಕಾಲಂನಲ್ಲಿ ಹಿಡಿಸಿದ ಪದ

ಗಾಲ್ಫ್ ಸುದ್ದಿ ನಮ್ಮ ಡೆಸ್ಕಿಗೆ ಯಾವಾಗಲೂ ಹೊತ್ತು ಮೀರಿ ಬರುತ್ತದೆ. ಅಮೆರಿಕದಲ್ಲಿ ಭಾನುವಾರ ಸಂಜೆ ಟೂರ್ನಿಯ ಕೊನೆಯ ಚೆಂಡು ಕುಳಿಗೆ ಬೀಳುವಾಗ ಕಲಬುರಗಿಯಲ್ಲಿ ಸೋಮವಾರ ನಸುಕಿನ ಮೂರೂವರೆ, ನಾಲ್ಕು ಗಂಟೆ. ಅಷ್ಟರಲ್ಲಿ ನಮ್ಮ ಪುಟಗಳೆಲ್ಲ ಅಚ್ಚಾಗಿ, ಚಿಂಚೋಳಿ, ಸೇಡಂ, ಅಫಜಲಪುರದ ಬಂಡಲುಗಳು ಬಸ್ ನಿಲ್ದಾಣದಲ್ಲಿ ಮೊದಲ ಬಸ್ಸಿಗಾಗಿ ಕಾದಿರುತ್ತವೆ. ಮಂಗಳವಾರದ ಪತ್ರಿಕೆಗೆ ಯಾರು ಗೆದ್ದರು ಎಂಬುದು ಹಳಸಿದ ಸುದ್ದಿ. ಯಾರು ಯಾರ ಮೇಲೆ ರೇಗಿದರು, ಯಾರು ಕ್ಲಬ್ (ಚೆಂಡು ಹೊಡೆಯುವ ಕೋಲು) ಬೀಸಿ ಒಗೆದರು, ಯಾರು ಸಹಿ ಕೇಳಿದ ಮಗುವನ್ನು ನೋಡದೆ ಮುಂದೆ ನಡೆದರು ಎಂಬುದು ಮಾತ್ರ ಎರಡು ದಿನವಾದರೂ ಹಳಸುವುದಿಲ್ಲ. ಹಾಗಾಗಿ ನಮ್ಮ ಪುಟಕ್ಕೆ ಬಂದ ಗಾಲ್ಫ್‌ನಲ್ಲಿ ಆಟಕ್ಕಿಂತ ಆಟಗಾರರ ನಡತೆಯೇ ಹೆಚ್ಚು.

ಕ್ರೀಡಾ ಪುಟ ಕಟ್ಟುವ ಉಪಸಂಪಾದಕನಾಗಿ ಹದಿನಾಲ್ಕು ವರ್ಷವಾಯಿತು. ನಮ್ಮ ಓದುಗರಲ್ಲಿ ಬಹಳ ಮಂದಿ ಗಾಲ್ಫ್ ಮೈದಾನವನ್ನೇ ಕಂಡವರಲ್ಲ. ಆದರೂ ಫಲಾನೆಯ ಗಾಲ್ಫ್ ಆಟಗಾರ ಸಿಡುಕ, ಇನ್ನೊಬ್ಬ ಸಂಭಾವಿತ ಎಂದು ಚಹಾದ ಅಂಗಡಿಯಲ್ಲಿ ನಿಂತು ಮಾತಾಡಬಲ್ಲರು. ಆ ಮಾತು ಅವರ ಬಾಯಿಗೆ ಬಂದದ್ದು ನನ್ನಂಥವನು ರಾತ್ರಿ ಹನ್ನೊಂದೂವರೆಗೆ ಆರಿಸಿದ ತಲೆಬರಹದಿಂದ. ಇದು ಎಂಥ ಹೊಣೆ ಎಂಬುದು ನನಗೆ ತಿಳಿದದ್ದು ಗಾಲ್ಫ್‌ನಿಂದಲ್ಲ, ಕಬಡ್ಡಿಯಿಂದ.

2017ರ ಬೇಸಿಗೆ. ತಾಲ್ಲೂಕು ಕೇಂದ್ರವೊಂದರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳು ನಡೆದಿದ್ದವು. ಅಲ್ಲಿನ ಅರೆಕಾಲಿಕ ವರದಿಗಾರ ಕಳಿಸಿದ ಕಾಪಿಯ ಕೊನೆಯಲ್ಲಿ ಎರಡು ಸಾಲು ಇದ್ದವು: ಸೆಮಿಫೈನಲ್ ಸೋತ ತಂಡದ ರೈಡರ್, ಸೆಲ್ಫಿಗೆ ಮುತ್ತಿಕೊಂಡ ಹುಡುಗರಲ್ಲಿ ಒಬ್ಬನನ್ನು ತಳ್ಳಿದ, ಮೊಬೈಲ್ ನೆಲಕ್ಕೆ ಬಿತ್ತು. ಅಂದು ಪುಟದಲ್ಲಿ ಒಂದು ಸಣ್ಣ ಬಾಕ್ಸಿನಷ್ಟು ಜಾಗ ಉಳಿದಿತ್ತು. ಆ ಎರಡು ಸಾಲನ್ನು ಹಿಗ್ಗಿಸಿ ಬಾಕ್ಸ್ ಮಾಡಿದೆ. ಸಿಂಗಲ್ ಕಾಲಂ ಆದ್ದರಿಂದ ತಲೆಬರಹದಲ್ಲಿ ಉದ್ದದ ಪದ ಕೂರುತ್ತಿರಲಿಲ್ಲ. ‘ಅಭಿಮಾನಿಯನ್ನು ತಳ್ಳಿದ’ ಎಂದರೆ ಸಾಲು ಒಡೆಯುತ್ತಿತ್ತು. ‘ರೈಡರ್ ಸೊಕ್ಕು’ ಎಂದು ಹೊಡೆದೆ. ಸರಿಯಾಗಿ ಕೂತಿತು. ಪುಟ ಬಿಟ್ಟೆ.

ಮೂರನೆಯ ದಿನ ಆ ಹುಡುಗನ ಅಣ್ಣ ಕಚೇರಿಗೆ ಬಂದರು. ಜಗಳ ತೆಗೆಯುತ್ತಾರೆಂದು ನಾವು ಎಲ್ಲರೂ ಕಾದೆವು. ಅವರು ಕುರ್ಚಿಯ ತುದಿಯಲ್ಲಿ ಕೂತು, ಪತ್ರಿಕೆಯ ತುಂಡನ್ನು ಮೇಜಿನ ಮೇಲೆ ಬಿಡಿಸಿಟ್ಟರು.

“ದಬ್ಬಿದ್ದು ಖರೇ ಅದರಿ ಸರ್. ಅವ ದಬ್ಬಬಾರದಿತ್ತು. ಅದು ಬರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸೊಕ್ಕಿನವ ಅಂತ ಬರ್ದೀರಲ್ಲ, ಅದು ನೀವು ಯಾವಾಗ ನೋಡೀರಿ?”

ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಆ ಪಂದ್ಯವನ್ನೇ ನೋಡಿರಲಿಲ್ಲ. ಆ ಹುಡುಗನ ಮುಖವೂ ನನಗೆ ಗೊತ್ತಿರಲಿಲ್ಲ. ವರದಿಗಾರನ ಕಾಪಿಯಲ್ಲೂ ಆ ಪದ ಇರಲಿಲ್ಲ. ಅದನ್ನು ಹಾಕಿದವನು ನಾನು, ಹಾಕಿದ್ದು ಅಗಲ ಸಾಲದೆ. ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆ ತುಂಡು ಓಡಾಡಿ, ಅವನ ಹೆಸರಿನ ಹಿಂದೆ ಅದೇ ಪದ ಸೇರಿಸಿ ಕರೆಯತೊಡಗಿದ್ದರಂತೆ. ಸ್ಪಷ್ಟನೆ ಹಾಕುತ್ತೇನೆ ಎಂದೆ. “ಬ್ಯಾಡ್ರಿ, ಮತ್ತೊಮ್ಮೆ ಓದ್ತಾರ” ಎಂದು ಎದ್ದರು. ಚಹಾ ತರಿಸಿದ್ದೆವು, ಕುಡಿಯಲಿಲ್ಲ.

ಅಂದಿನಿಂದ ನನ್ನ ಕೆಲಸದ ರೀತಿ ಬದಲಾಯಿತು. ಅದನ್ನು ಹೆಚ್ಚು ಪರೀಕ್ಷೆಗೆ ಒಡ್ಡಿದ್ದು ಗಾಲ್ಫ್. ಅದಕ್ಕೆ ಕಾರಣ ಆ ಆಟದಲ್ಲೇ ಇದೆ. ನಾಲ್ಕೈದು ಗಂಟೆ ಆಟಗಾರ ನಡೆಯುತ್ತಲೇ ಇರುತ್ತಾನೆ. ಒಂದು ಹಗ್ಗದ ಆಚೆ, ಕೈಗೆ ಎಟುಕುವಷ್ಟು ಹತ್ತಿರ ಪ್ರೇಕ್ಷಕರು. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆಲ್ಲುವ ಆಟ ಇದು; ತಪ್ಪಿಗೆ ದಂಡವೆಂದರೆ ಲೆಕ್ಕಕ್ಕೆ ಸೇರುವ ಹೆಚ್ಚಿನ ಹೊಡೆತ. ಕ್ರಿಕೆಟ್‌ನ ಹಾಗೆ ಪ್ರತಿ ಚೆಂಡಿಗೂ ಅಂಪೈರ್ ಬೆನ್ನಿಗೆ ನಿಂತಿರುವುದಿಲ್ಲ. ಜೊತೆಗೆ ಆಡುವವನೇ ಎದುರಾಳಿಯ ಅಂಕ ಬರೆದು ಸಹಿ ಹಾಕುತ್ತಾನೆ. ಚೆಂಡು ಅಲುಗಿದರೆ ಆಡುವವನೇ ಬಾಯಿಬಿಟ್ಟು ಹೇಳಬೇಕು. ನಮ್ಮ ಕಡೆ ಹೊಲದ ಬದುವಿನ ವಿಷಯ ಇದ್ದಂತೆ. ತೊಗರಿ ರಾಶಿ ಮುಗಿದ ಮೇಲೆ ಯಾರೂ ನೋಡದಾಗ ಗೆಣು ಬದು ಕೆತ್ತಿ ಒಳಗೆ ಹಾಕಿಕೊಳ್ಳುವುದು ಸುಲಭ; ಆದರೆ ಒಮ್ಮೆ ಗೊತ್ತಾದರೆ ಮೊಮ್ಮಕ್ಕಳ ಕಾಲಕ್ಕೂ ‘ಬದು ಒತ್ತಿದವರ ಮನಿ’ ಎಂಬ ಹೆಸರು ಹೋಗುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನ ಟೂರ್ನಿಯಲ್ಲಿ ಅಮೆರಿಕದ ಆಟಗಾರ ಪ್ಯಾಟ್ರಿಕ್ ರೀಡ್ ನಿಯಮ ಮೀರಿ ಚೆಂಡಿನ ಹಿಂದಿನ ಮರಳನ್ನು ಕ್ಲಬ್‌ನಿಂದ ಸರಿಸಿದ್ದು ಕ್ಯಾಮೆರಾದಲ್ಲಿ ಕಂಡಾಗ ದಂಡವಾಗಿ ಬಿದ್ದದ್ದು ಎರಡೇ ಹೊಡೆತ. ಹೆಸರಿಗೆ ಬಿದ್ದ ಏಟು ಅಷ್ಟಕ್ಕೆ ನಿಲ್ಲಲಿಲ್ಲ. ಮುಂದೆ ಎಷ್ಟೋ ಕಾಲ ಪ್ರೇಕ್ಷಕರು ಅದನ್ನೇ ಹೇಳಿ ಅವರನ್ನು ಕೆಣಕಿದರು.

ಕಬಡ್ಡಿಯ ಪ್ರಕರಣ ನಡೆದ ಮರುವರ್ಷ, 2018ರ ಜೂನ್ 16ರಂದು, ಶಿನ್ನಕಾಕ್ ಹಿಲ್ಸ್‌ನಲ್ಲಿ ಅಮೆರಿಕ ಓಪನ್‌ನ ಮೂರನೆಯ ಸುತ್ತು. ಅಮೆರಿಕದ ಫಿಲ್ ಮಿಕಲ್ಸನ್ 13ನೇ ಹೋಲ್‌ನಲ್ಲಿ, ಎಂದರೆ 13ನೇ ಕುಳಿಯ ಆಟದಲ್ಲಿ, ತಾನು ತಳ್ಳಿದ ಚೆಂಡು ಕುಳಿ ದಾಟಿ ಇಳಿಜಾರಿಗೆ ಉರುಳುವುದನ್ನು ಕಂಡು, ಓಡಿಹೋಗಿ, ಇನ್ನೂ ಚಲಿಸುತ್ತಿದ್ದ ಚೆಂಡನ್ನೇ ಮತ್ತೆ ಹೊಡೆದರು. ಎರಡು ಹೊಡೆತದ ದಂಡ, ಆ ಹೋಲ್‌ಗೆ ಒಟ್ಟು 10, ದಿನಕ್ಕೆ 81. ಅಂದು ಅವರ 48ನೇ ಹುಟ್ಟುಹಬ್ಬ. ಬೇಕೆಂದೇ ಮಾಡಿದೆ ಎಂದು ಅವರೇ ಹೇಳಿದರು. ಕೆಲವು ದಿನಗಳ ನಂತರ ಕ್ಷಮೆ ಕೇಳಿದರು. ನನ್ನ ಪಕ್ಕದ ಸಹೋದ್ಯೋಗಿ ‘ಮಿಕಲ್ಸನ್ ಮೋಸ’ ಎಂದು ಕೊಡಿ, ಚೆನ್ನಾಗಿ ಕೂರುತ್ತದೆ ಎಂದರು. ನಿಜ, ಚೆನ್ನಾಗಿಯೇ ಕೂರುತ್ತಿತ್ತು. ಆದರೆ ಎಲ್ಲರ ಕಣ್ಣೆದುರು ಮಾಡಿ, ದಂಡ ಹೊತ್ತವನದು ಮೋಸ ಹೇಗಾದೀತು? ಅದೇ ಮಿಕಲ್ಸನ್ ಸುತ್ತು ಮುಗಿದ ಮೇಲೆ ಹಗ್ಗದ ಬಳಿ ಬಹಳ ಹೊತ್ತು ನಿಂತು, ಕೇಳಿದವರಿಗೆಲ್ಲ ಸಹಿ ಹಾಕುತ್ತಿದ್ದುದಕ್ಕೂ ಹೆಸರಾದವರು. ಸಹಿ ಹಾಕುವ ಕೈ, ಉರುಳುವ ಚೆಂಡನ್ನು ಹೊಡೆದ ಕೈ ಎರಡೂ ಒಂದೇ. ‘ಉರುಳುತ್ತಿದ್ದ ಚೆಂಡಿಗೆ ಹೊಡೆತ: ಮಿಕಲ್ಸನ್‌ಗೆ ದಂಡ’ ಎಂದು ಎರಡು ಕಾಲಂಗೆ ಕೊಟ್ಟೆ. ಅದಕ್ಕಾಗಿ ಪಕ್ಕದ ಟೆನಿಸ್ ಸುದ್ದಿಯನ್ನು ಕತ್ತರಿಸಬೇಕಾಯಿತು.

ಈ ವಿಷಯದಲ್ಲಿ ನನ್ನನ್ನು ಬಹಳ ಕಾಡಿದವರು ಅಮೆರಿಕದ ಹಳೆಯ ಕಾಲದ ಆಟಗಾರ ಬಾಬಿ ಜೋನ್ಸ್. 1921ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್‌ನ ಓಪನ್ ಟೂರ್ನಿಯಲ್ಲಿ 11ನೇ ಹೋಲ್‌ನ ಮರಳುಗುಂಡಿಯಲ್ಲಿ ಸಿಕ್ಕಿ, ತಾಳ್ಮೆ ಕಳೆದುಕೊಂಡು, ಚೆಂಡು ಎತ್ತಿಕೊಂಡು ಸ್ಪರ್ಧೆಯನ್ನೇ ಬಿಟ್ಟರು. ಗಾಲ್ಫ್‌ನ ತವರಿನಲ್ಲಿ ಅದು ದೊಡ್ಡ ಅಪಚಾರ. ನಾಲ್ಕು ವರ್ಷದ ನಂತರ, 1925ರ ಅಮೆರಿಕ ಓಪನ್‌ನಲ್ಲಿ, ಹುಲ್ಲಿನಲ್ಲಿದ್ದ ಚೆಂಡು ಅಲುಗಿತು. ಕಂಡದ್ದು ಅವರಿಗೊಬ್ಬರಿಗೇ. ತಾವೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಆ ಒಂದು ಹೊಡೆತದಿಂದಲೇ ಅಂಕ ಸಮವಾಗಿ, ಪ್ಲೇಆಫ್‌ನಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ಗೆ ಸೋತರು. ಜನ ಹೊಗಳಿದಾಗ, ಬ್ಯಾಂಕ್ ದೋಚಲಿಲ್ಲವೆಂದು ಹೊಗಳಿದಂತಾಯಿತು ಎಂಬರ್ಥದ ಮಾತು ಹೇಳಿದರೆಂಬುದು ಪ್ರಸಿದ್ಧ. 1958ರಲ್ಲಿ ಅದೇ ಸೇಂಟ್ ಆ್ಯಂಡ್ರೂಸ್ ಊರು ಅವರಿಗೆ ಪೌರ ಸನ್ಮಾನ ಕೊಟ್ಟಿತು. ಅವರಿಗಿಂತ ಮೊದಲು ಆ ಮರ್ಯಾದೆ ಪಡೆದ ಅಮೆರಿಕದವರು ಬೆಂಜಮಿನ್ ಫ್ರಾಂಕ್ಲಿನ್ ಒಬ್ಬರೇ. ಅಮೆರಿಕ ಗಾಲ್ಫ್ ಸಂಸ್ಥೆಯು ಕ್ರೀಡಾ ಮನೋಭಾವಕ್ಕೆ ಕೊಡುವ ಪ್ರಶಸ್ತಿಯೂ ಅವರ ಹೆಸರಿನಲ್ಲೇ ಇದೆ. 1921ರ ಆ ರಾತ್ರಿ ಡೆಸ್ಕಿನಲ್ಲಿ ನಾನಿದ್ದು, ಸಿಂಗಲ್ ಕಾಲಂ ಖಾಲಿ ಇದ್ದಿದ್ದರೆ ಏನು ಬರೆಯುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಹಾಗೆಂದು ಎಲ್ಲವನ್ನೂ ಮುಚ್ಚಿಡುವುದು ನನ್ನ ಮಾತಲ್ಲ. ಅದು ಇನ್ನೊಂದು ತಪ್ಪು. 2019ರ ಫೆಬ್ರುವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಸೆರ್ಗಿಯೊ ಗಾರ್ಸಿಯಾ ಸಿಟ್ಟಿನಲ್ಲಿ ಹಲವು ಗ್ರೀನ್‌ಗಳನ್ನು (ಕುಳಿಯ ಸುತ್ತಲಿನ ನುಣುಪು ಹುಲ್ಲು) ಹಾಳು ಮಾಡಿದ್ದಕ್ಕೆ ಅನರ್ಹಗೊಂಡರು. ಆಟಗಾರ ಪ್ರಾಮಾಣಿಕವಾಗಿರಬೇಕು, ಇತರರ ಬಗ್ಗೆ ಕಾಳಜಿ ಇರಬೇಕು, ಮೈದಾನವನ್ನು ಜೋಪಾನ ಮಾಡಬೇಕು ಎಂದು ನಿಯಮಾವಳಿಯ ಮೊದಲ ಭಾಗದಲ್ಲೇ ಬರೆದು ಜಾರಿಗೆ ತಂದು ಆಗ ತಿಂಗಳಾಗಿತ್ತಷ್ಟೇ. ಆ ಸುದ್ದಿಗೆ ನಾನೇ ಒಂದು ಸಾಲು ಸೇರಿಸಿದೆ: 2002ರ ಅಮೆರಿಕ ಓಪನ್‌ನಲ್ಲಿ, ಬೆತ್‌ಪೇಜ್‌ನಲ್ಲಿ, ಇವರು ಪ್ರೇಕ್ಷಕರಿಗೆ ಅಸಭ್ಯ ಸನ್ನೆ ಮಾಡಿದ್ದರು. ಇವರು ಹೊಡೆತಕ್ಕೆ ಮುನ್ನ ಕ್ಲಬ್ಬಿನ ಹಿಡಿ ಎಷ್ಟು ಸಲ ಬದಲಿಸುತ್ತಾರೆಂದು ಪ್ರೇಕ್ಷಕರು ಗಟ್ಟಿಯಾಗಿ ಎಣಿಸಿ ಕೆಣಕಿದ್ದರು ಎಂಬುದನ್ನೂ ಅದೇ ಸಾಲಿಗೆ ಸೇರಿಸಿದೆ. ಪದೇ ಪದೇ ನಡೆದಿದ್ದರೆ ಇಸವಿ ಹಾಕಿ ಎಣಿಸಿ ಕೊಡಬೇಕು. ಕೂಡಿಸಿ ಒಂದು ಹೆಸರಿಡುವುದು ಓದುಗನ ಕೆಲಸ.

ಹೊಗಳಿಕೆಗೂ ಇದೇ ಅಳತೆ ಎಂದು ನನಗೆ ತಡವಾಗಿ ಹೊಳೆಯಿತು. 1969ರಲ್ಲಿ ಅಮೆರಿಕ ಮತ್ತು ಬ್ರಿಟನ್ ತಂಡಗಳು ಆಡಿದ ರೈಡರ್ ಕಪ್‌ನ ಕೊನೆಯ ಪಂದ್ಯದ ಕೊನೆಯ ಹೋಲ್‌ನಲ್ಲಿ ಅಮೆರಿಕದ ಜ್ಯಾಕ್ ನಿಕ್ಲಾಸ್, ಎದುರಾಳಿ ಟೋನಿ ಜ್ಯಾಕ್ಲಿನ್‌ಗೆ ಉಳಿದಿದ್ದ ಪುಟ್ಟ ಹೊಡೆತವನ್ನು ಆಡಿಸದೆ ಬಿಟ್ಟುಕೊಟ್ಟರು, 16–16ಕ್ಕೆ ಸಮವಾಯಿತು. ಜಗತ್ತು ಕೊಂಡಾಡಿತು. ಅವರದೇ ತಂಡದ ನಾಯಕ ಸ್ಯಾಮ್ ಸ್ನೀಡ್‌ಗೆ ಮಾತ್ರ ಅದು ಹಿಡಿಸಲಿಲ್ಲ. ‘ದೇವತಾ ಮನುಷ್ಯ’ ಎಂದು ಬರೆದರೆ ಸ್ನೀಡ್‌ರ ಸಿಟ್ಟಿಗೆ ಪುಟದಲ್ಲಿ ಜಾಗವೇ ಇಲ್ಲ. ಆದರೆ ಅಮೆರಿಕದ ಹಿರಿಯ ಆಟಗಾರ ಆರ್ನಾಲ್ಡ್ ಪಾಮರ್ ವಿಷಯದಲ್ಲಿ ನಾನು ಸ್ವಲ್ಪ ಸೋಲುತ್ತೇನೆ. ಮೈದಾನ ನೋಡಿಕೊಳ್ಳುವವರ ಮಗ. ಸಹಿ ಎಂದರೆ ಓದಲು ಬರಬೇಕು, ಇಲ್ಲವಾದರೆ ಕಾದು ನಿಂತವರಿಗೆ ಅವಮಾನ ಎಂದು ಕಿರಿಯರಿಗೂ ಹೇಳುತ್ತಿದ್ದರು. ಕೊನೆಯವರೆಗೂ ತಾವೂ ಹಾಗೆಯೇ ಅಕ್ಷರ ಬಿಡಿಸಿ ಬರೆದರು. 2016ರಲ್ಲಿ ಅವರು ತೀರಿಕೊಂಡಾಗ ಗಾಲ್ಫ್ ಗೊತ್ತಿಲ್ಲದ ನಮ್ಮ ಪುಟದಲ್ಲಿ ಮೂರು ಕಾಲಂ ಕೊಡಿಸಲು ಮುಖ್ಯ ಉಪಸಂಪಾದಕರ ಹತ್ತಿರ ವಾದ ಮಾಡಿದ್ದೆ. ಐವತ್ತು ವರ್ಷ ಒಂದೇ ಥರ ನಡೆದುಕೊಂಡವರ ಬಗ್ಗೆ ಒಂದು ಪದ ಬಳಸಬಹುದು ಅನ್ನಿಸುತ್ತದೆ.

ನಮ್ಮ ಕಾಕಾನ ಮಗ ಶಹಾಪುರ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವನು. ಕಟ್ಟಡ ಕೆಲಸ ಬಿಟ್ಟು ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಸೇರಿಕೊಂಡ. ಕ್ಯಾಡಿಯಾಗಿದ್ದು ಆಟಗಾರರಾದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಕತೆಯನ್ನು ಮನೆಯವರ ಸುದ್ದಿಯಂತೆ ಹೇಳುತ್ತಾನೆ. ಆಟಗಾರರ ನಡತೆ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕಳೆದ ಪಂಚಮಿಗೆ ಬಂದಾಗ ಕೇಳಿದೆ.

“ಹೊಡ್ದ ಮ್ಯಾಲ ಸ್ಟಿಕ್ ಕೈಗಿ ಕೊಡ್ತಾನೋ, ನೆಲಕ್ಕ ಒಗಿತಾನೋ ನೋಡ್ತೀವಣ್ಣ. ಚೆಂಡ ಕಳ್ದ್ರ ಯಾರ ಮ್ಯಾಲ ಹಾಕ್ತಾನ ನೋಡ್ತೀವಿ. ಬಿಸಿಲಾಗ ನೀ ನೀರ ಕುಡ್ದಿ ಏನಂತ ಕೇಳ್ತಾನೋ ಇಲ್ಲೋ. ಆದ್ರ ಒಂದಿನ ನೋಡಿ ಯಾರ್ದೂ ಹೇಳ್ಲಾಕ ಬರಂಗಿಲ್ಲ. ಮಂದಿ ಮುಂದ ನಗೋವ್ರು ಬ್ಯಾರೆ, ನಮ್ ಮುಂದ ಬ್ಯಾರೆ.”

ವರ್ಷಗಟ್ಟಲೆ ಚೀಲ ಹೊತ್ತು ಹಿಂದೆ ನಡೆದವನು ಇಷ್ಟು ಅಳೆದು ಮಾತಾಡುತ್ತಾನೆ. ನಾನು ಸಾವಿರಾರು ಮೈಲಿ ದೂರ, ಎರಡು ಪ್ಯಾರಾ ಏಜೆನ್ಸಿ ಕಾಪಿ ಮುಂದಿಟ್ಟುಕೊಂಡು, ಹದಿನೈದು ನಿಮಿಷದಲ್ಲಿ.

2025ರ ಸೆಪ್ಟೆಂಬರ್ ಕೊನೆಯ ವಾರ ಅದೇ ಬೆತ್‌ಪೇಜ್‌ನಲ್ಲಿ ರೈಡರ್ ಕಪ್, ಈಗ ಅಮೆರಿಕ ಮತ್ತು ಯುರೋಪ್ ತಂಡಗಳ ನಡುವೆ. ಯುರೋಪ್ ತಂಡದ ರೋರಿ ಮೆಕಿಲ್ರಾಯ್‌ಗೆ ಪ್ರೇಕ್ಷಕರಿಂದ ದಿನವಿಡೀ ಬೈಗುಳ. ಹೊಡೆಯಲು ನಿಂತಾಗಲೂ ಕೂಗು. ಒಮ್ಮೆ ಅವರೂ ತಿರುಗಿ, ಬಾಯಿ ಮುಚ್ಚಿ ಎಂದು ಕೆಟ್ಟ ಪದ ಸೇರಿಸಿಯೇ ಹೇಳಿದರು. ಗುಂಪಿನಿಂದ ಎಸೆದ ಪಾನೀಯ ಅವರ ಪತ್ನಿಗೆ ತಗುಲಿತು. ಯುರೋಪ್ 15–13ರಿಂದ ಗೆದ್ದದ್ದು ನಮ್ಮ ಸೋಮವಾರದ ಪುಟಕ್ಕೆ ಸಿಗಲಿಲ್ಲ. ಮಂಗಳವಾರಕ್ಕೆ ಉಳಿದದ್ದು ಈ ಗಲಾಟೆ. ಡೆಸ್ಕಿಗೆ ಹೊಸದಾಗಿ ಬಂದ ಹುಡುಗಿ ‘ಪುಂಡ ಅಮೆರಿಕನ್ನರು’ ಎಂದು ತಲೆಬರಹ ಹಾಕಿದ್ದಳು. ಕೂಗಿದವರು ಎಷ್ಟು ಮಂದಿ, ಸುಮ್ಮನೆ ಆಟ ನೋಡಿದವರು ಎಷ್ಟು ಎಂದು ಕಾಪಿಯಲ್ಲಿ ಇದೆಯೇ ಎಂದು ಕೇಳಿದೆ. ಮತ್ತೊಮ್ಮೆ ಓದಿದಳು. “ಇಲ್ರಿ ಸರ್” ಎಂದಳು. ಹಾಗಾದರೆ ಮೆಕಿಲ್ರಾಯ್ ಬೈದದ್ದನ್ನೂ ಬಿಡಬಾರದಲ್ಲವೇ ಎಂದು ಅವಳೇ ಕೇಳಿದಳು. ಅದನ್ನು ನಾನು ಯೋಚಿಸಿರಲಿಲ್ಲ. ಎರಡನೇ ಪ್ಯಾರಾದಲ್ಲಿ ಸೇರಿಸಿದೆವು. ‘ಬೈಗುಳದ ನಡುವೆ ರೈಡರ್ ಕಪ್, ಮೆಕಿಲ್ರಾಯ್ ಪತ್ನಿಯತ್ತ ಪಾನೀಯ ಎಸೆತ’. ಉದ್ದವಾಯಿತು, ಅಕ್ಷರದ ಗಾತ್ರ ಇಳಿಸಿದೆವು.

ಆ ಕಬಡ್ಡಿ ಹುಡುಗನ ಅಣ್ಣ ಈಗ ಆ ಭಾಗದ ಪಂದ್ಯಗಳ ಫಲಿತಾಂಶ ನನಗೇ ಕಳಿಸುತ್ತಾರೆ. ಸ್ನೇಹದಿಂದಲ್ಲ, ಪತ್ರಿಕೆಗೆ ಕಳಿಸಲು ಅವರಿಗೆ ಗೊತ್ತಿರುವ ನಂಬರು ನನ್ನದೊಂದೇ. ಹೋದ ತಿಂಗಳ ಪಟ್ಟಿಯಲ್ಲಿ ತಮ್ಮನ ಹೆಸರೂ ಇತ್ತು. ಫೈನಲ್‌ನಲ್ಲಿ ಹದಿನಾಲ್ಕು ಪಾಯಿಂಟ್ ತಂದಿದ್ದಾನೆ. ಚಿತ್ರ ಕಳಿಸಿ, ಒಂದು ಬಾಕ್ಸ್ ಮಾಡೋಣ ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

“ಪಾಯಿಂಟ್ ಅಷ್ಟೇ ಹಾಕ್ರಿ ಸರ್. ಬ್ಯಾರೆ ಏನೂ ಬ್ಯಾಡ.”