ನಸುಕಿನ ನಾಲ್ಕು ಗಂಟೆ

ಕೊಪ್ಪಳ, 14 ಆಗಸ್ಟ್ 2024, ಬುಧವಾರ

ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಹಗಲೆಲ್ಲ ಟಿವಿಯಲ್ಲಿ ಕಂಡ ಆ ನೀರು ರಾತ್ರಿ ನನ್ನ ನಿದ್ದೆಯೊಳಗೂ ನುಗ್ಗುತ್ತಿದೆ. ಮೂರು ರಾತ್ರಿಯೂ ಅದೇ ಕನಸು. ಮುನಿರಾಬಾದಿನ ಎಡದಂಡೆ ಕಾಲುವೆ, ಕೆಂಪು ನೀರು, ದೊಡ್ಡವಳು ನನ್ನ ಕೈ ಬಿಡಿಸಿಕೊಂಡು ಮುಂದೆ ಓಡುವುದು, ನಾನು ಕೂಗಿದರೂ ದನಿ ಹೊರಡದಿರುವುದು. ಹೊರಡುತ್ತಿಲ್ಲವೆಂದೇ ತಿಳಿದಿದ್ದೆ. ಇಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಅವಳೇ ಕೇಳಿದಳು: “ಅವ್ವಾ, ರಾತ್ರಿ ನನ್ನ ಹೆಸರ ಹಿಡದು ಯಾಕ ಕೂಗಿದಿ?”

ಅಡುಗೆಮನೆಯಿಂದಲೇ ಅತ್ತೆಯವರು, “ನಸುಕಿನ ಕನಸು ಖರೇ ಆಕ್ಕಾವ, ಗವಿಮಠಕ್ಕ ಹೋಗಿ ಕಾಯಿ ಒಡಿಸ್ಕೊಂಡು ಬಾ” ಎಂದರು. ಅವರ ದನಿಯಲ್ಲಿದ್ದದ್ದು ನನ್ನದೇ ಭಯ.

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಇದರ ಕಾರಣ ತಿಳಿಯದೆ ಇಲ್ಲ. ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನಲ್ಲಿಯೂ ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಒಂದು ಘಟ್ಟವಿದೆ ಎಂಬುದನ್ನು ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಕಟ್ಟುವಂತಹ ಕನಸುಗಳು ಹೆಚ್ಚಾಗಿ ಬೀಳುವುದು ಆ ಘಟ್ಟದಲ್ಲಿ, ಮತ್ತು ನಸುಕು ಸಮೀಪಿಸಿದಂತೆ ಅದು ದೀರ್ಘವಾಗುತ್ತ ಹೋಗುತ್ತದೆ. ಎಂಟು ತಿಂಗಳ ಸಣ್ಣವನು ಹಾಲಿಗಾಗಿ ಏಳುವುದು ಸರಿಯಾಗಿ ನಾಲ್ಕಕ್ಕೆ. ಕನಸಿನ ನಡುವೆಯೇ ಎಚ್ಚರವಾದವರಿಗೆ ಅದು ನೆನಪಿನಲ್ಲಿ ಉಳಿಯುತ್ತದೆ. ನಿದ್ದೆಯಲ್ಲಿಯೇ ಮುಂದೆ ಸಾಗಿದವರಿಗೆ ಬಹುತೇಕ ಅಳಿಸಿಹೋಗುತ್ತದೆ. ಹಾಗಾದರೆ ನನಗೆ ಕನಸುಗಳು ಹೆಚ್ಚಾಗಿಲ್ಲ, ಅವುಗಳ ಮಧ್ಯದಲ್ಲಿ ಏಳುವುದು ಹೆಚ್ಚಾಗಿದೆ. ಹಿರಿಯರು ನಸುಕಿನ ಕನಸಿಗೇ ಅಷ್ಟು ಬೆಲೆ ಕೊಟ್ಟದ್ದೂ ಬೆಳಿಗ್ಗೆ ನೆನಪಿನಲ್ಲಿ ಉಳಿಯುವುದು ಅದೊಂದೇ ಎಂಬ ಕಾರಣಕ್ಕಿರಬಹುದು.

ಇಷ್ಟನ್ನೂ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಬಲ್ಲೆ. ಆದರೆ ನಾಲ್ಕು ಗಂಟೆಗೆ, ಹಾಲು ಕುಡಿಯುವ ಮಗುವನ್ನು ಎದೆಗವಚಿಕೊಂಡೇ ಇನ್ನೊಂದು ಕೈಯಿಂದ ಕತ್ತಲೆಯಲ್ಲಿ ದೊಡ್ಡವಳ ಕಾಲು ಮುಟ್ಟಿ, ಅದು ಬೆಚ್ಚಗಿದೆಯೆಂದು ಖಚಿತವಾಗುವ ತನಕ ನನ್ನ ಉಸಿರು ಸರಿಯಾಗುವುದಿಲ್ಲ.

ಮನೆಯವರೊಂದಿಗೆ ಮಾತಾಡಿದೆ. ಸಂಜೆಯ ನಂತರ ಟಿವಿಯಲ್ಲಿ ಡ್ಯಾಮಿನ ಸುದ್ದಿ ಬೇಡ. ಮಧ್ಯಾಹ್ನದ ನಂತರ ನನಗೆ ಚಹಾ ಬೇಡ. ಹಾಲು ತೆಗೆದಿಟ್ಟರೆ ನಸುಕಿನಲ್ಲಿ ಅವರೇ ಎದ್ದು ಕುಡಿಸುತ್ತಾರೆ. ಒಂದೇ ಒಂದು ರಾತ್ರಿ ಐದು ಗಂಟೆ ಮುರಿಯದ ನಿದ್ದೆ ಸಿಕ್ಕರೆ ಸಾಕೆನಿಸಿದೆ.

ಬೆಳಿಗ್ಗೆ ಅವಳಿಗೆ ನಿಜ ಹೇಳಲಾಗಲಿಲ್ಲ. ಗವಿಮಠದ ಜಾತ್ರೆಯಲ್ಲಿ ನೀನು ಕೈ ಬಿಟ್ಟೆ, ಅದಕ್ಕೇ ಕೂಗಿದೆ ಎಂದೆ. ಕಣ್ಣರಳಿಸಿ, “ತೇರು ಎಳದ್ರೇನು? ಬೆಂಡು ಬತ್ತಾಸು ಕೊಡಿಸಿದೇನು?” ಎಂದು ಕೇಳಿದಳು. ಅಷ್ಟರಲ್ಲಿ ಎಚ್ಚರವಾಯಿತು ಎಂದೆ. ನಾಳೆಯ ಧ್ವಜವಂದನೆಗೆಂದು ಬಿಳಿ ಶೂ ತೊಳೆದಿಟ್ಟು ಬೇಗ ಮಲಗಿದಳು. ಮಲಗುವ ಮುನ್ನ, ಇವತ್ತು ಅದೇ ಕನಸು ಬಿದ್ದರೆ ತೇರು ಎಳೆಯುವ ತನಕ ಏಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಕಾಲುವೆಯ ದಂಡೆಗೆ ಬರುವ ಮೊದಲೇ ಅವಳ ಕೈಯನ್ನು ಒಂದಿಷ್ಟು ಗಟ್ಟಿಯಾಗಿ ಹಿಡಿದಿದ್ದರೆ…