ಅರಿಶಿಣ ಕುಡಿದರೆ ಬೋರಿನ ನೀರಿನ ಆರ್ಸೆನಿಕ್ ಹೋಗುತ್ತಾ?

ಪಕ್ಕದ ಮನೆ ಕಾಕು ಮೊನ್ನೆ ಒಂದು ಪುಡಿ ಡಬ್ಬಿ ತಂದು ತೋರಿಸಿದರು. "ತಮ್ಮಾ, ಇದನ್ನ ಕುಡದ್ರ ಬೋರಿನ ನೀರಿನ ವಿಷ ಎಲ್ಲಾ ಹೋಗತೈತಂತ, ಖರೇನ?" ಅಂತ ಕೇಳಿದರು. ನಾನು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ, ಯಾಕಂದ್ರೆ ಇಳಕಲ್ಲು, ಹುನಗುಂದ ಕಡೆ ಇದೇ ಮಾತು ಬಹಳ ಜನರ ಬಾಯಲ್ಲಿ ಕೇಳುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಮಾತೇ ಜಾಸ್ತಿ. ಆದರೆ ಇಲ್ಲಿಂದ ಲಿಂಗಸುಗೂರು ದಾಟಿದರೆ ಹಟ್ಟಿ ಚಿನ್ನದ ಗಣಿ ಇದೆ. ಚಿನ್ನ ಇರುವ ಕಲ್ಲಿನಲ್ಲಿ ಆರ್ಸೆನಿಕ್ ಅನ್ನುವ ವಿಷದ ಧಾತು ಇರುವ ಅದಿರೂ ಸೇರಿಕೊಂಡಿರುವುದು ಸಾಮಾನ್ಯ. ಅತ್ತ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲೇ ಆರ್ಸೆನಿಕ್ ಸಿಕ್ಕಿತ್ತು, ಜನರಿಗೆ ಚರ್ಮದ ಕಾಯಿಲೆ, ಕ್ಯಾನ್ಸರ್ ಬಂದಿದ್ದು ಪತ್ರಿಕೆಗಳಲ್ಲೂ ಬಂದಿತ್ತು. ಹಾಗಂತ ನಮ್ಮೂರಿನ ಎಲ್ಲ ಬೋರಿನಲ್ಲೂ ಇದೆ ಅಂತ ಹೆದರಬೇಕಾಗಿಲ್ಲ. ನೀರು ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.

ಈ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಮೈಮೇಲೆ ಮಳೆಹನಿ ಬಿದ್ದ ಹಾಗೆ ಕಪ್ಪು ಬಿಳಿ ಚುಕ್ಕೆ ಬರುತ್ತವೆ, ಅಂಗೈ ಅಂಗಾಲು ಗಟ್ಟಿಯಾಗಿ ಗಂಟುಗಂಟಾಗುತ್ತವೆ. ಒಳಗೆ ಆಗುವುದೇನು ಅಂದರೆ, ಆರ್ಸೆನಿಕ್ ಹೋಗಿ ನಮ್ಮ ಪ್ರೋಟೀನುಗಳಲ್ಲಿರುವ ಗಂಧಕದ ಭಾಗಕ್ಕೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತದೆ. ವಿಷ ತಡೆಯಲು ದೇಹ ಇಟ್ಟುಕೊಂಡಿರುವ ಗ್ಲುಟಾಥಯೋನ್ ಖರ್ಚಾಗುತ್ತಾ ಹೋಗುತ್ತದೆ. ಆಮೇಲೆ ಲಿವರ್, ಕಿಡ್ನಿ, ರಕ್ತನಾಳ ಎಲ್ಲಕ್ಕೂ ಪೆಟ್ಟು.

ಅರಿಶಿಣದಂಥ ಗಿಡಗಳ ಮಾತು ಬರುವುದೇ ಇಲ್ಲಿ. ಬಳ್ಳೊಳ್ಳಿಯ ಗಂಧಕದ ಅಂಶಗಳು, ಉಳ್ಳಾಗಡ್ಡಿಯ ಕ್ವೆರ್ಸಿಟಿನ್, ಅರಿಶಿಣದ ಕರ್ಕ್ಯುಮಿನ್, ನುಗ್ಗೆ ಬೀಜ, ಒಂದೆಲಗ ಇವನ್ನೆಲ್ಲ ಇಲಿಗಳ ಮೇಲೆ ನೋಡಿದ್ದಾರೆ. ಆರ್ಸೆನಿಕ್ ಜೊತೆ ಇವನ್ನೂ ಕೊಟ್ಟಾಗ ಲಿವರಿಗೆ ಆಗುವ ಹಾನಿ ಕಡಿಮೆಯಾಗಿದ್ದು ಸುಳ್ಳಲ್ಲ. ಆದರೆ ಇಲಿಗೆ ಕೊಡುವ ಪ್ರಮಾಣ ನಮ್ಮ ಊಟದಲ್ಲಿ ಸಿಗುವಂಥದ್ದಲ್ಲ.

ಮನುಷ್ಯರ ಮೇಲೂ ಆಗಿದೆ. ಪಶ್ಚಿಮ ಬಂಗಾಳದಲ್ಲಿ ಆರ್ಸೆನಿಕ್ ನೀರು ಕುಡಿದವರಿಗೆ ಮೂರು ತಿಂಗಳು ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಪೈಪರಿನ್ ಸೇರಿಸಿ ಕೊಟ್ಟಾಗ ಡಿಎನ್‌ಎಗೆ ಆದ ಹಾನಿ ಕಡಿಮೆಯಾಗಿತ್ತು. ಒಳ್ಳೆಯ ಸುದ್ದಿಯೇ. ಆದರೆ ಅವರು ಕೊಟ್ಟಿದ್ದು 500 ಮಿಲಿಗ್ರಾಮಿನ ಮಾತ್ರೆ, ದಿನಕ್ಕೆ ಎರಡು. ಅರಿಶಿಣದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ತೇರದಾಳ, ರಬಕವಿ ಕಡೆಯ ಒಳ್ಳೆ ಅರಿಶಿಣವನ್ನೇ ಒಂದು ಚಮಚ ತಿಂದರೂ ನೂರು ಮಿಲಿಗ್ರಾಂ ಸಿಗುವುದು ಕಷ್ಟ, ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ.

ನನಗೆ ಇದಕ್ಕಿಂತ ಜಾಸ್ತಿ ನಂಬಿಕೆ ಬರುವುದು ಫೋಲೇಟ್ ಅನ್ನುವ ಬಿ ವಿಟಮಿನ್ ಮೇಲೆ. ಆರ್ಸೆನಿಕ್ಕನ್ನು ಮೂತ್ರದಲ್ಲಿ ಹೊರಹಾಕುವಂತೆ ಬದಲಾಯಿಸಲು ದೇಹಕ್ಕೆ ಇದು ಬೇಕು. ಬಾಂಗ್ಲಾದೇಶದಲ್ಲಿ ಫೋಲೇಟ್ ಕೊರತೆ ಇದ್ದವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್‌ನಂತೆ (ಫೋಲೇಟಿನ ಮಾತ್ರೆ ರೂಪ) 12 ವಾರ ಕೊಟ್ಟಾಗ ರಕ್ತದಲ್ಲಿನ ಆರ್ಸೆನಿಕ್ ಇಳಿದಿತ್ತು. ಮೆಂತ್ಯೆ ಪಲ್ಲೆ, ಪಾಲಕ, ಕಡಲೆ, ಹೆಸರು ಇವುಗಳಲ್ಲಿ ಫೋಲೇಟ್ ಚೆನ್ನಾಗಿಯೇ ಇದೆ. ರೊಟ್ಟಿ ಜೊತೆ ದಿನಾ ಪಲ್ಲೆ, ಕಾಳು, ಹಸಿ ಉಳ್ಳಾಗಡ್ಡಿ ತಿನ್ನುವ ನಮ್ಮ ಪದ್ಧತಿಯನ್ನು ಮಕ್ಕಳು ಬಿಡದಂತೆ ನೋಡಿಕೊಂಡರೆ ಸಾಕು, ಡಬ್ಬಿ ಪುಡಿಗೆ ದುಡ್ಡು ಹಾಕುವುದು ಬೇಡ. ಅನ್ನಕ್ಕಿಂತ ಜೋಳ ಈ ವಿಷಯದಲ್ಲಿ ಮೇಲು ಕೂಡ, ನೀರು ನಿಂತ ಗದ್ದೆಯಲ್ಲಿ ಭತ್ತ ಮಣ್ಣಿನ ಆರ್ಸೆನಿಕ್ಕನ್ನು ಜಾಸ್ತಿ ಹೀರುತ್ತದೆ.

ಡಬ್ಬಿ ಪುಡಿಯ ಬಗ್ಗೆ ನನಗೆ ನಿಜವಾಗಿ ಭಯ ಇದೆ. ಹರತಾಳ, ಮನಶಿಲೆ ಅನ್ನುವ ಖನಿಜಗಳನ್ನು ಕೆಲವು ಹಳೆಯ ಔಷಧಿಗಳಲ್ಲಿ ಬಳಸುತ್ತಾರೆ, ಎರಡೂ ಆರ್ಸೆನಿಕ್ಕಿನ ಅದಿರುಗಳೇ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಅಂಗಡಿಯಿಂದ ತಂದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷೆ ಮಾಡಿದ ವರದಿ ಬಂತು. ಅದರಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಕಾಕುವಿನ ಡಬ್ಬಿ ಮೇಲೆ ಒಳಗೆ ಏನಿದೆ ಅಂತ ಒಂದು ಸಾಲೂ ಬರೆದಿರಲಿಲ್ಲ. ಕುಡಿಯಬೇಡಿ ಅಂತ ನೇರವಾಗಿಯೇ ಹೇಳಿದೆ.

ನೀರು ಕುದಿಸಿದರೂ ಆರ್ಸೆನಿಕ್ ಹೋಗಲ್ಲ, ಆವಿ ಹೋದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತದೆ. ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ದಾಟಿದ್ದರೆ ಆ ಬೋರಿನ ನೀರನ್ನು ಬಟ್ಟೆ ಒಗೆಯಲು ಇಟ್ಟುಕೊಳ್ಳಿ, ಕುಡಿಯಲು, ಅಡಿಗೆಗೆ ಬೇರೆ ನೀರು ತನ್ನಿ. ಅಂಗೈಯಲ್ಲಿ ಗಂಟು, ಮೈಮೇಲೆ ಚುಕ್ಕೆ ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ, ಬೋರಿನ ನೀರು ಕುಡಿಯುವ ವಿಷಯವನ್ನೂ ಹೇಳಿ. ಇನ್ನು ನೀರಿನ ಲ್ಯಾಬಿಗೆ ಬಾಟಲಿ ಕೊಡುವಾಗ "ಆರ್ಸೆನಿಕ್ ನೋಡಿ" ಅಂತ ಬಾಯಿಬಿಟ್ಟು ಕೇಳಿ, ಸುಮ್ನೆ ಕೊಟ್ಟು ಬಂದರೆ ಗಡಸುತನ, ಫ್ಲೋರೈಡ್ ಇಷ್ಟರಲ್ಲೇ ವರದಿ ಮುಗಿಯಬಹುದು.